ಏವಾ, ನಾವಿ, ಆದಿಕಾಂಡ: ‘ಅವತಾರ್’ ಕ್ರೈಸ್ತ ವಿಶ್ವಾಸಕ್ಕೆ ಎಲ್ಲಿ ತಾಗುತ್ತದೆ?

ಜೇಮ್ಸ್ ಕ್ಯಾಮೆರಾನ್ ಅವರ ‘ಅವತಾರ್’ 2009ರ ಡಿಸೆಂಬರ್ 18ರಂದು ಬಿಡುಗಡೆಯಾಯಿತು. ಎರಡನೇ ಭಾಗ 2022ರ ಡಿಸೆಂಬರ್ 16ಕ್ಕೆ, ಮೂರನೆಯದು 2025ರ ಡಿಸೆಂಬರ್ 19ಕ್ಕೆ ಬಂತು. ಮೂರೂ ಬಂದದ್ದು ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲದಲ್ಲಿ. ಹಾಸನ, ಚಿಕ್ಕಮಗಳೂರಿನ ಕ್ರೈಸ್ತ ಮನೆಗಳಲ್ಲಿ ಗೋದಲಿ ಕಟ್ಟುವ ಹೊತ್ತಿಗೇ ಮಕ್ಕಳು ಈ ಸಿನಿಮಾಕ್ಕೆ ಹಟ ಹಿಡಿಯುತ್ತಾರೆ. ಮರವನ್ನು ದೇವರೆಂದು ತೋರಿಸುವ ಚಿತ್ರ ನಮಗೆ ಸಲ್ಲುತ್ತದೆಯೇ ಎಂದು ಹಿರಿಯರು ಅನುಮಾನಿಸುತ್ತಾರೆ. ಆ ಅನುಮಾನಕ್ಕೆ ಆಧಾರವಿದೆ. ಆದರೆ ಸಂಘರ್ಷ ಇರುವ ಜಾಗವನ್ನು ಬಿಟ್ಟು ಇಲ್ಲದ ಜಾಗದಲ್ಲಿ ಹುಡುಕುವುದೇ ಹೆಚ್ಚು.

ಸಿನಿಮಾ ಬಗ್ಗೆ ಕಥೋಲಿಕ ಧರ್ಮಸಭೆ ಮಾತಾಡಲು ಶುರುಮಾಡಿ ಬಹಳ ಕಾಲವಾಯಿತು. 1936ರ ಜೂನ್ 29ರಂದೇ ಪೋಪ್ ಹನ್ನೊಂದನೇ ಪಯಸ್ ಚಲನಚಿತ್ರದ ಮೇಲೆ ಒಂದು ವಿಶ್ವಪತ್ರ (ಇಡೀ ಧರ್ಮಸಭೆಗೆ ಪೋಪ್ ಬರೆಯುವ ಪತ್ರ) ಹೊರಡಿಸಿದರು. ಆಗಿನ ಚಿಂತೆಯೆಲ್ಲ ನೈತಿಕತೆಯದು. ಯಾವುದನ್ನು ನೋಡಬಹುದು, ಯಾವುದನ್ನು ನೋಡಬಾರದು ಎಂದು ಪಟ್ಟಿ ಮಾಡಿ ಜನರಿಗೆ ತಿಳಿಸಿ ಎಂಬ ಧಾಟಿ. 1995ರಲ್ಲಿ, ಸಿನಿಮಾಕ್ಕೆ ನೂರು ತುಂಬಿದಾಗ, ವ್ಯಾಟಿಕನ್ ಇನ್ನೊಂದು ಬಗೆಯ ಪಟ್ಟಿ ಕೊಟ್ಟಿತು: ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗಗಳಲ್ಲಿ ತಲಾ 15ರಂತೆ 45 ಉತ್ತಮ ಚಿತ್ರಗಳು. ಕಲೆಯ ವಿಭಾಗದಲ್ಲಿ ‘ಮೆಟ್ರೊಪೊಲಿಸ್’, ‘2001: ಎ ಸ್ಪೇಸ್ ಒಡಿಸ್ಸಿ’ ಎರಡೂ ಇವೆ. ಎಂದರೆ ವೈಜ್ಞಾನಿಕ ಕಲ್ಪನೆಯ ಬಗ್ಗೆ ಧರ್ಮಸಭೆಗೆ ಹಗೆಯಿಲ್ಲ.

ಬೇರೆ ಲೋಕದ ಜೀವಿಗಳ ಮಾತೂ ಹಾಗೆಯೇ. ಬೈಬಲ್ಲಿನಲ್ಲಿ ಇಲ್ಲದ ಪ್ರಾಣಿಗಳನ್ನು ತೋರಿಸುತ್ತಾರೆ ಎಂಬ ತಕರಾರಿನಲ್ಲಿ ಹುರುಳಿಲ್ಲ. 1277ರಲ್ಲಿ ಪ್ಯಾರಿಸ್ಸಿನ ಧರ್ಮಾಧ್ಯಕ್ಷ ಎತಿಯೆನ್ ತಾಂಪಿಯೇ 219 ವಾದಗಳನ್ನು ಖಂಡಿಸಿದಾಗ, ‘ದೇವರು ಹಲವು ಲೋಕಗಳನ್ನು ಸೃಷ್ಟಿಸಲಾರ’ ಎನ್ನುವುದೂ ಖಂಡನೆಗೆ ಒಳಗಾದ ವಾದಗಳಲ್ಲಿ ಒಂದಾಗಿತ್ತು. ಬೇರೆ ನಕ್ಷತ್ರಗಳಲ್ಲಿ ನಿವಾಸಿಗಳಿರಬಹುದು ಎಂದು 1440ರಲ್ಲಿ ಬರೆದ ಕೂಸಾದ ನಿಕೋಲಸ್ ಮುಂದೆ ಕಾರ್ಡಿನಲ್ ಆದರು. 1600ರಲ್ಲಿ ಇಟಲಿಯ ಚಿಂತಕ ಜೋರ್ಡಾನೊ ಬ್ರೂನೊನನ್ನು ಸುಟ್ಟದ್ದು ಧರ್ಮಸಭೆಯ ಚರಿತ್ರೆಯ ಕಳಂಕವೇ. ಅವನ ಮೇಲಿನ ಆರೋಪಗಳಲ್ಲಿ ಹಲವು ಲೋಕಗಳ ವಾದವೂ ಇತ್ತು, ತ್ರಿತ್ವದ ನಿರಾಕರಣೆಯೂ ಇತ್ತು. 2008ರ ಮೇ ತಿಂಗಳಲ್ಲಿ ವ್ಯಾಟಿಕನ್ ಖಗೋಳ ವೀಕ್ಷಣಾಲಯದ ಮುಖ್ಯಸ್ಥ, ಜೆಸ್ವಿಟ್ ಗುರು ಹೊಸೆ ಫುನೆಸ್, ಅನ್ಯಗ್ರಹದ ಜೀವಿಯೂ ನಮ್ಮ ಸೋದರನೇ ಎಂದು ವ್ಯಾಟಿಕನ್ ಪತ್ರಿಕೆಯಲ್ಲೇ ಹೇಳಿದರು. 1982ರಿಂದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವನ್ನು ನೋಡುತ್ತ ಬಂದಿರುವ ಹಾಸನದವರಿಗೆ ಆಕಾಶವೆಂದರೆ ಅಂಜಿಕೆಯ ವಸ್ತುವಾಗಬೇಕಿಲ್ಲ.

‘ಅವತಾರ್’ ವಿವಾದ ಹುಟ್ಟಿದ್ದು 2010ರ ಜನವರಿಯಲ್ಲಿ. ಪ್ರಕೃತಿಯನ್ನು ಕಾಪಾಡಬೇಕಾದ ಸೃಷ್ಟಿಯಾಗಿ ಕಾಣದೆ ಪೂಜಿಸಬೇಕಾದ ದೈವವಾಗಿ ಕಾಣುವ ಪಂಥಗಳಿಗೆ ಈ ಚಿತ್ರ ಕಣ್ಣು ಮಿಟುಕಿಸುತ್ತದೆ ಎಂದು ವ್ಯಾಟಿಕನ್ ರೇಡಿಯೊದ ವಿಮರ್ಶೆ ಹೇಳಿತು. ‘ವ್ಯಾಟಿಕನ್ ಚಿತ್ರವನ್ನು ಖಂಡಿಸಿತು’ ಎಂದು ಸುದ್ದಿ ಹರಡಿತು. ಇವು ಸಿನಿಮಾ ವಿಮರ್ಶೆಗಳಷ್ಟೇ, ಇವಕ್ಕೆ ದೈವಶಾಸ್ತ್ರದ ತೂಕವಿಲ್ಲ ಎಂದು ವಕ್ತಾರ ಫಾದರ್ ಫೆದೆರಿಕೊ ಲೊಂಬಾರ್ದಿ ತಿಳಿಸಿದ್ದು ಅಷ್ಟು ದೂರ ಮುಟ್ಟಲಿಲ್ಲ. ಆದರೆ ವಿಮರ್ಶಕರು ಗಾಳಿಗೆ ಗುದ್ದಿರಲಿಲ್ಲ. ಅದೇ ಜನವರಿ 1ರ ಶಾಂತಿ ಸಂದೇಶದಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಸೃಷ್ಟಿಯನ್ನು ಕಾಪಾಡಿ ಎಂದು ಕರೆ ಕೊಟ್ಟಿದ್ದರು. ಮನುಷ್ಯನಿಗೂ ಉಳಿದ ಜೀವಿಗಳಿಗೂ ಇರುವ ಭೇದವನ್ನೇ ಅಳಿಸಿ ಪ್ರಕೃತಿಯನ್ನು ದೈವವಾಗಿಸುವ ಹೊಸ ಸರ್ವೇಶ್ವರವಾದದ ಬಗ್ಗೆ ಎಚ್ಚರಿಕೆಯನ್ನೂ ಅದರಲ್ಲೇ ಕೊಟ್ಟಿದ್ದರು.

ಇನ್ನು ಚಿತ್ರವನ್ನೇ ನೋಡೋಣ. ಕಥೆ ನಡೆಯುವುದು ಪಂಡೋರ ಎಂಬ ದೂರದ ಲೋಕದಲ್ಲಿ. ಅಲ್ಲಿನ ಮೂಲನಿವಾಸಿಗಳು ನಾವಿಗಳು, ಅವರು ಮಹಾತಾಯಿ ಎಂದು ಪೂಜಿಸುವುದು ಏವಾಳನ್ನು. ಭೂಮಿಯಿಂದ ಬಂದವರು ಅದಿರಿಗಾಗಿ ಅವರ ಕಾಡಿನ ಮೇಲೆ ಬೀಳುತ್ತಾರೆ. ಪಂಡೋರದ ಒಂದೊಂದು ಮರಕ್ಕೂ ಸುತ್ತಲಿನ ಮರಗಳೊಡನೆ ಹತ್ತು ಸಾವಿರ ಕೊಂಡಿಗಳಿವೆ, ಅಂಥ ಮರಗಳು ಲಕ್ಷ ಕೋಟಿ ಇವೆ, ಮನುಷ್ಯನ ಮೆದುಳಿಗಿಂತಲೂ ಹೆಚ್ಚಿನ ಜಾಲ ಅದು ಎಂದು ವಿಜ್ಞಾನಿ ಗ್ರೇಸ್ ವಾದಿಸುತ್ತಾಳೆ. ಇಷ್ಟಕ್ಕೇ ನಿಂತಿದ್ದರೆ ಏವಾ ಒಂದು ಅದ್ಭುತ ಜೀವಿ, ಸೃಷ್ಟಿಯ ಭಾಗ, ಅಷ್ಟೆ. ಮುಂದೆ, ಭೂಮಿಯಿಂದ ಬಂದು ನಾವಿಗಳ ಪಕ್ಷ ಸೇರಿದ ಮಾಜಿ ಸೈನಿಕ ಜೇಕ್ ಯುದ್ಧದ ಮುನ್ನಾದಿನ ಆತ್ಮಗಳ ಮರದ ಬಳಿ ಪ್ರಾರ್ಥಿಸುತ್ತಾನೆ. ಮಹಾತಾಯಿ ಯಾರ ಪಕ್ಷವನ್ನೂ ವಹಿಸಳು, ಜೀವದ ಸಮತೋಲವನ್ನಷ್ಟೇ ಕಾಯುತ್ತಾಳೆ ಎನ್ನುತ್ತಾಳೆ ನಾವಿ ಹೆಣ್ಣು ನೈತಿರಿ. ಆದರೂ ಯುದ್ಧದ ನಡುವೆ ಕಾಡಿನ ಮೃಗಗಳು ನುಗ್ಗಿ ಬರುತ್ತವೆ, ಪ್ರಾರ್ಥನೆ ಕೇಳಿಸಿತು ಎಂದು ಅವಳೇ ಕೂಗುತ್ತಾಳೆ. ಜಾಲವಾಗಿದ್ದದ್ದು ಇಲ್ಲಿ ಪ್ರಾರ್ಥನೆಗೆ ಉತ್ತರ ಕೊಡುವ ದೈವವಾಗುತ್ತದೆ. ಸೃಷ್ಟಿಕರ್ತನನ್ನು ಬಿಟ್ಟು ಸೃಷ್ಟಿಯನ್ನು ಪೂಜಿಸಿದರು ಎಂದು ಪೌಲ ರೋಮಾಪುರದವರಿಗೆ ಬರೆದ ಪತ್ರದ 1:25ರಲ್ಲಿ ಹೇಳುವುದು ತಾಗುವುದು ಇಲ್ಲಿಯೇ. ಏವಾಳಿಗಿಂತ ಆಚೆ ಪಂಡೋರವನ್ನು ಉಂಟುಮಾಡಿದವರು ಯಾರೂ ಇಲ್ಲ.

ಹಾಗೆಂದು ಕಾಡಿನ ಪರ ನಿಲ್ಲುವುದೇ ಕ್ರೈಸ್ತರಿಗೆ ಪರಕೀಯ ಎಂದುಕೊಂಡರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ 1:28ರಲ್ಲಿ ಮನುಷ್ಯನಿಗೆ ಉಳಿದ ಜೀವಿಗಳ ಮೇಲೆ ಕೊಟ್ಟ ‘ದೊರೆತನ’ವೇ ಪರಿಸರ ನಾಶದ ಬೇರು ಎಂದು ಚರಿತ್ರಕಾರ ಲಿನ್ ವೈಟ್ 1967ರಲ್ಲಿ ದೂರಿದರು. ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರದ ಪಾಲಕರನ್ನಾಗಿ ಸೂಚಿಸಿದವರೂ ಅವರೇ. 1979ರಲ್ಲಿ ಎರಡನೇ ಜಾನ್ ಪಾಲ್ ಅದನ್ನು ಅಧಿಕೃತವಾಗಿ ಘೋಷಿಸಿದರು. ತೋಟವನ್ನು ವ್ಯವಸಾಯ ಮಾಡಿ ಕಾಯಬೇಕೆಂಬ 2:15ನ್ನು 1:28ರ ಜೊತೆಗೇ ಓದಬೇಕು ಎನ್ನುತ್ತದೆ 2015ರಲ್ಲಿ ಪೋಪ್ ಫ್ರಾನ್ಸಿಸ್ ಬರೆದ ವಿಶ್ವಪತ್ರ ‘ಲೌದಾತೊ ಸಿ’. ಅದರ 90ನೇ ಪರಿಚ್ಛೇದ ಭೂಮಿಯನ್ನು ದೈವೀಕರಿಸುವುದನ್ನು ನಿರಾಕರಿಸುತ್ತದೆ. 146ನೆಯದು ಮೂಲನಿವಾಸಿಗಳಿಗೆ ನೆಲವೆಂದರೆ ಸರಕಲ್ಲ, ದೇವರೂ ಅಲ್ಲಿ ಮಣ್ಣಾದ ಹಿರಿಯರೂ ಕೊಟ್ಟ ಕೊಡುಗೆ ಎನ್ನುತ್ತದೆ. ಚಿತ್ರದ ಕೋಪವೂ ಇದೇ ಜಾಗದ್ದು.

ಈ ಕೋಪ ನಮ್ಮ ಸೀಮೆಗೆ ಬೇಗ ಅರ್ಥವಾಗುತ್ತದೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುವುದು 2002ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ 2005ರ ಕೊನೆಗೆ ನಿಂತಿತು. ಭದ್ರೆಗೆ ಸೇರುತ್ತಿದ್ದ ಹೂಳಿನ ದೂರು ಆ ಹೋರಾಟದ ಮುಖ್ಯ ಭಾಗ. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿದ ಚರ್ಚು ಗೊರೂರು ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿತು, ಊರಿನವರು ಬೇರೆಡೆ ಹೋದರು. ನಾವಿಗಳ ಮನೆಮರ ಉರುಳುವ ದೃಶ್ಯ ನೋಡುವಾಗ ಹಾಸನದ ಕ್ರೈಸ್ತರಿಗೆ ಈ ಚರ್ಚು ನೆನಪಾದರೆ ಅದರಲ್ಲಿ ಅವಿಶ್ವಾಸವೇನೂ ಇಲ್ಲ.

ಆರಾಧನೆಗೂ ಕೃತಜ್ಞತೆಗೂ ಇರುವ ಗೆರೆಯನ್ನು ಹೇಳಿಕೊಡಲು ದೂರ ಹೋಗಬೇಕಿಲ್ಲ. ಸೆಪ್ಟೆಂಬರ್ 8ರ ತೆನೆ ಹಬ್ಬ ಸಾಕು. ಕರಾವಳಿಯಿಂದ ಘಟ್ಟ ಹತ್ತಿದ ಕಥೋಲಿಕರು ಇಲ್ಲಿಗೂ ತಂದ ಹಬ್ಬ ಅದು. ಹೊಸ ಭತ್ತದ ತೆನೆಯನ್ನು ಗುರುಗಳು ಆಶೀರ್ವದಿಸುತ್ತಾರೆ, ಮಕ್ಕಳು ಮಾತೆ ಮರಿಯಳಿಗೆ ಹೂ ಅರ್ಪಿಸುತ್ತಾರೆ. ಮನೆಗೆ ತಂದ ತೆನೆಯ ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಉಣ್ಣುತ್ತಾರೆ. ತೆನೆಗೆ ಗೌರವವಿದೆ, ಪ್ರಾರ್ಥನೆ ಮಾತ್ರ ತೆನೆಗಲ್ಲ. ಪಕ್ಕದ ಊರಿನ ನಾಗಬನಕ್ಕೋ ದೇವರಕಾಡಿಗೋ ಕೈಮುಗಿಯುವ ನೆರೆಯವರನ್ನು ಹೀನಾಯವಾಗಿ ಕಾಣಲು ಇದು ನೆಪವಾಗಬಾರದು. ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಬರೆದಿಟ್ಟಿದೆ.

ಚರ್ಚೆಗೇ ಬಾರದ ಇನ್ನೊಂದು ಸಂಘರ್ಷವಿದೆ. ನನಗೆ ಅದೇ ಹೆಚ್ಚು ಆಳವಾದದ್ದು. ನಡೆಯಲಾಗದ ಜೇಕ್ ಯಂತ್ರದ ಪೆಟ್ಟಿಗೆಯಲ್ಲಿ ಮಲಗಿ, ನಾವಿಗಳಂಥ ಇನ್ನೊಂದು ದೇಹವನ್ನು ಮನಸ್ಸಿನಿಂದ ನಡೆಸುತ್ತಾನೆ. ಕೊನೆಗೆ ಹಳೆಯದನ್ನು ಬಿಟ್ಟು ಅದರಲ್ಲೇ ಕಣ್ಣು ತೆರೆಯುತ್ತಾನೆ. ಇಲ್ಲಿ ದೇಹ ಬದಲಿಸಬಹುದಾದ ಅಂಗಿ. ಕ್ರೈಸ್ತರು ಪ್ರತಿ ವಾರ ಒಪ್ಪಿ ನುಡಿಯುವ ವಿಶ್ವಾಸ ಪ್ರಮಾಣದಲ್ಲಿರುವುದು ಸತ್ತವರ ಪುನರುತ್ಥಾನ. ಆತ್ಮ ದೇಹದೊಳಗೆ ಕೂತ ಸವಾರನಲ್ಲ, ದೇಹಕ್ಕೆ ರೂಪ ಕೊಡುವುದೇ ಅದು ಎಂದು ಧರ್ಮಸಭೆಯ ವಿಯೆನ್ ಮಹಾಸಭೆ 1312ರಲ್ಲಿ ನಿರ್ಣಯಿಸಿತು. ಪುನರುತ್ಥಾನದ ಯೇಸುವಿನ ಕೈಗಳಲ್ಲಿ ಮೊಳೆಯ ಗಾಯ ಉಳಿದಿತ್ತು. ಜೇಕನ ಹೊಸ ದೇಹದಲ್ಲಿ ಹಳೆಯ ಗಾಯದ ಗುರುತೂ ಇಲ್ಲ. ಗಾಲಿಕುರ್ಚಿಯಲ್ಲಿರುವ ಮಗುವಿಗೆ ಈ ಮುಕ್ತಾಯ ಏನು ಹೇಳುತ್ತದೆ ಎಂದು ಯೋಚಿಸಬೇಕು.

ಧರ್ಮಕೇಂದ್ರದ ಯುವಜನರಿಗೆ ಚಿತ್ರ ತೋರಿಸುವುದಾದರೆ ಮೊದಲು ಇಡೀ 162 ನಿಮಿಷವನ್ನೂ ತಡೆಯದೆ ತೋರಿಸಿ. ತುಣುಕಷ್ಟೇ ತೋರಿಸಿದರೆ ಅವರು ನಿಮ್ಮ ತೀರ್ಪನ್ನಷ್ಟೇ ನೋಡುತ್ತಾರೆ. ಚರ್ಚೆ ಮರುವಾರಕ್ಕಿರಲಿ. ಆಗ ಗ್ರೇಸಳ ವಾದ, ಜೇಕನ ಪ್ರಾರ್ಥನೆ, ಕೊನೆಯ ದೇಹಾಂತರ, ಈ ಮೂರನ್ನೇ ಮತ್ತೆ ಹಾಕಿ, ಒಂದೊಂದರ ಬಳಿಕ ಬೈಬಲ್ ತೆರೆಸಿ: ಕೀರ್ತನೆ 104, ರೋಮಾಪುರದವರಿಗೆ 1:25, ಯೊವಾನ್ನ 20:27. ಒಂದು ಸಂಜೆಗೆ ಮೂರಕ್ಕಿಂತ ಹೆಚ್ಚು ಬೇಡ. ‘ನೋಡಬಹುದೇ, ಬೇಡವೇ’ ಎಂದು ಶುರುಮಾಡಿದರೆ ಮಾತು ಅಲ್ಲೇ ಮುಗಿಯುತ್ತದೆ. ಹಿರಿಯರು ಬೇಡ ಎನ್ನುತ್ತಾರೆ, ಹುಡುಗರು ಸುಮ್ಮನಾಗಿ ಹೊರಗೆ ಹೋಗಿ ನೋಡುತ್ತಾರೆ. ‘ಇಲ್ಲಿ ಯಾರು ಯಾರಿಗೆ ಪ್ರಾರ್ಥಿಸುತ್ತಿದ್ದಾರೆ, ಉತ್ತರ ಎಲ್ಲಿಂದ ಬಂತು’ ಎಂದು ಕೇಳಿದರೆ ಮಾತು ಬೆಳೆಯುತ್ತದೆ.

ಮುಂದಿನ ಭಾಗಗಳು ಕೆಲಸವನ್ನು ಇನ್ನಷ್ಟು ಹೆಚ್ಚಿಸಿವೆ. ಎರಡನೆಯದರ ಕಿರಿ ಎಂಬ ಹುಡುಗಿ ತಂದೆಯಿಲ್ಲದೆ ಹುಟ್ಟಿದವಳು. ಮಕ್ಕಳು ತಕ್ಷಣ ಮರಿಯಳ ಮಾತು ಎತ್ತುತ್ತಾರೆ. ಆಗ ಲೂಕ 1ನ್ನು ಪಕ್ಕದಲ್ಲಿಟ್ಟು, ಮರಿಯಳು ದೂತನಿಗೆ ಕೊಟ್ಟ ಒಪ್ಪಿಗೆಯನ್ನು ತೋರಿಸಬೇಕು. ಮೂರನೆಯದರಲ್ಲಿ ಏವಾಳನ್ನೇ ತೊರೆದ ‘ಬೂದಿಯ ಜನ’ ಎಂಬ ನಾವಿ ಕುಲ ಬರುತ್ತದೆ. ಕಷ್ಟದಲ್ಲಿ ಕರೆದಾಗ ದೈವ ಓಗೊಡಲಿಲ್ಲ ಎಂಬುದು ಅವರ ಸಿಟ್ಟು. ಅದು ಕಷ್ಟದಲ್ಲಿ ದೇವರನ್ನೇ ಪ್ರಶ್ನಿಸಿದ ಬೈಬಲ್ಲಿನ ಯೋಬನ ಪ್ರಶ್ನೆ. ಅದನ್ನು ಚರ್ಚೆಗೆ ತರುವವರು ಯೋಬನ ಪುಸ್ತಕದ 3ನೇ ಅಧ್ಯಾಯವನ್ನೂ 38ನೆಯದನ್ನೂ ಮೊದಲೇ ಓದಿಕೊಂಡಿರಬೇಕು.