ಎವೆದ್: ದೇವರ ಆಳು ಎಂದರೆ ಯಾರು?

ಕೆಜಿಎಫ್ ಕಡೆಯ ಪ್ರಾರ್ಥನಾ ಕೂಟಗಳಲ್ಲಿ ‘ದೇವಸೇವಕರು’ ಅಂದರೆ ಪಾಸ್ಟರು. ಅಲ್ಲಿಂದ ಅಷ್ಟೇನೂ ದೂರವಿಲ್ಲದ, ಶ್ರೀಪಾದರಾಜರ ಮುಳಬಾಗಿಲಿನಲ್ಲಿ ‘ದಾಸ’ ಅಂದರೆ ತಂಬೂರಿ, ಪದ, ಅಂಕಿತ. ಹೀಬ್ರೂ ಧರ್ಮಗ್ರಂಥದ ‘ಎವೆದ್’ ಕನ್ನಡ ಬೈಬಲಿನಲ್ಲಿ ಸೇವಕ, ದಾಸ ಎಂದೇ ಬಂದಿದ್ದರೂ ಇವೆರಡನ್ನೂ ಪಕ್ಕಕ್ಕಿಟ್ಟು ಓದುವುದು ಒಳ್ಳೆಯದು. ಕೋಲಾರದ ಹಳ್ಳಿಯವರಿಗೆ ‘ಆಳು’ ಎಂದರೆ ಬೇಗ ತಿಳಿದೀತು. ಸಾಲಕ್ಕೆ ಸಿಕ್ಕಿಬಿದ್ದವನಾದರೆ ಜೀತದಾಳು.

ಇಸ್ರಾಯೇಲ್ಯರು ಈಜಿಪ್ಟಿನಲ್ಲಿ ಅಲ್ಲಿನ ಅರಸ ಫರೋಹನಿಗೆ ಇಟ್ಟಿಗೆ ಹೊಡೆದ ದುಡಿಮೆಗೂ ದೇವಾಲಯದ ಆರಾಧನೆಗೂ ಹೀಬ್ರೂವಿನಲ್ಲಿ ಹೆಸರು ಒಂದೇ, ‘ಅವೋದಾ’. ಅವರ ಬಿಡುಗಡೆಯ ಕಥೆ ಹೇಳುವ ವಿಮೋಚನಕಾಂಡದ ಜಗಳವೂ ಇದೇ: ಈ ಜನ ಯಾರ ಆಳು? ದೇವರು ಫರೋಹನಿಗೆ ಹೇಳಿಸಿದ ‘ನನ್ನ ಜನರನ್ನು ಕಳಿಸು’ ಎಂಬ ಮಾತಿನ ಬೆನ್ನಿಗೇ ‘ಅವರು ನನ್ನನ್ನು ಸೇವಿಸಲಿ’ ಎಂದೂ ಬರುತ್ತದೆ. ಒಡೆಯನೇ ಇಲ್ಲದ ಬಿಡುಗಡೆ ಅಲ್ಲಿಲ್ಲ.

ಯಾಜಕಕಾಂಡ 25 ಇದನ್ನೇ ಕಾನೂನಾಗಿಸುತ್ತದೆ. ಬಡತನದಿಂದ ತನ್ನನ್ನೇ ಮಾರಿಕೊಂಡ ಇಸ್ರಾಯೇಲ್ಯನನ್ನು ಗುಲಾಮನಂತೆ ಮಾರಾಟಕ್ಕಿಡಕೂಡದು. ಈಜಿಪ್ಟಿನಿಂದ ಬಿಡಿಸಿ ತಂದ ದೇವರಿಗೆ ಅವನು ಆಗಲೇ ಆಳು. ನಮ್ಮ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಸಾಲವನ್ನೇ ಅಳಿಸಿ ಆಳನ್ನು ಬಿಡಿಸಿತು; ಇಲ್ಲಿನ ವಾದವೇ ಬೇರೆ, ಮೊದಲ ಒಡೆಯನಿರುವಾಗ ಎರಡನೆಯವನಿಗೆ ಹಕ್ಕಿಲ್ಲ ಎನ್ನುವುದು. (ಅದೇ ಅಧ್ಯಾಯ ಪರದೇಶದ ಗುಲಾಮರನ್ನು ಕೊಳ್ಳಲು, ಮಕ್ಕಳಿಗೆ ಆಸ್ತಿಯಾಗಿ ಬಿಡಲು ಒಪ್ಪುತ್ತದೆ. ಅದನ್ನು ಹಾರಿಸಿ ಓದುವುದು ನನಗೆ ಸರಿಕಾಣದು.)

ಹೀಬ್ರೂ ಆಳು 6 ವರ್ಷ ದುಡಿದು 7ನೆಯ ವರ್ಷ ಹೊರಟುಬಿಡಬಹುದು. ಒಡೆಯನನ್ನು, ಹೆಂಡತಿ ಮಕ್ಕಳನ್ನು ಬಿಟ್ಟು ಹೋಗಲಾರೆ ಎಂದರೆ ಬಾಗಿಲ ಬಳಿ ನಿಲ್ಲಿಸಿ ದಬ್ಬಳದಿಂದ ಕಿವಿ ಚುಚ್ಚುತ್ತಾರೆ; ಆಮೇಲೆ ಅವನು ಕೊನೆಯವರೆಗೂ ಅಲ್ಲೇ ಆಳು. ಚರ್ಚಿನ ಪ್ರಸಂಗಗಳಲ್ಲಿ ಇದನ್ನು ಭಕ್ತಿಯ ಗುರುತೆಂದು ಹೇಳುವುದುಂಟು. ಯೆಹೂದಿ ಗುರುಗಳ ಚರ್ಚೆಗಳ ಗ್ರಂಥವಾದ ತಾಲ್ಮೂದಿನಲ್ಲಿ ರಬ್ಬಿ (ಗುರು) ಯೋಹಾನಾನ್ ಬೆನ್ ಜಕ್ಕಾಯ್ ಹೇಳುವುದು ತದ್ವಿರುದ್ಧ: ‘ಇಸ್ರಾಯೇಲ್ಯರು ನನ್ನ ಆಳುಗಳು’ ಎಂದು ದೇವರು ಹೇಳಿದ್ದನ್ನು ಸೀನಾಯಿ ಬೆಟ್ಟದಲ್ಲಿ ಕೇಳಿದ ಕಿವಿ ಅದು; ಕೇಳಿಯೂ ಇನ್ನೊಬ್ಬ ಒಡೆಯನನ್ನು ಹುಡುಕಿಕೊಂಡಿತಲ್ಲ, ಚುಚ್ಚಿಸಿಕೊಳ್ಳಲಿ! ನನಗೆ ರಬ್ಬಿಯ ಮಾತೇ ಗಟ್ಟಿ ಎನಿಸುತ್ತದೆ.

‘ಯೆಹೋವನ (ಇಸ್ರಾಯೇಲಿನ ದೇವರ) ಸೇವಕ’ ಎಂಬ ಹೆಸರು ಜನರನ್ನು ಈಜಿಪ್ಟಿನಿಂದ ಕರೆತಂದ ಮೋಶೆಗೆ, ಅವನ ನಂತರ ಮುಂದಾಳಾದ ಯೆಹೋಶುವನಿಗೆ ಸಲ್ಲುತ್ತದೆ. ಯೆಶಾಯ 41ರಲ್ಲಿ ಇಡೀ ಇಸ್ರಾಯೇಲೇ ಸೇವಕ. ಯೆರೆಮೀಯ 27ರಲ್ಲಂತೂ ದೇವರು ‘ನನ್ನ ಸೇವಕ’ ಎನ್ನುವುದು ಬಾಬೆಲಿನ ನೆಬೂಕದ್ನೆಚ್ಚರನನ್ನು, ಮುಂದೆ ಯೆರೂಸಲೇಮನ್ನು ಹಾಳುಗೆಡವಿದ ಅರಸನನ್ನು. ಸಜ್ಜನರಿಗೆ ಮಾತ್ರ ಕೊಡುವ ಬಿರುದಲ್ಲ ಇದು.

ದಿನದ ಬಾಳಿನಲ್ಲಿ ಇದು ಹೇಗೆ ಕಾಣುತ್ತದೆ ಎನ್ನುವುದಕ್ಕೆ ಧರ್ಮೋಪದೇಶಕಾಂಡ ನೋಡಬೇಕು. ವಾರದ ಬಿಡುವಿನ ದಿನವಾದ ಸಬ್ಬತ್‌ನಲ್ಲಿ ಯಜಮಾನನಿಗಷ್ಟೇ ಅಲ್ಲ, ಆಳು, ಎತ್ತು, ಕತ್ತೆಗೂ ಬಿಡುವು. 7ನೆಯ ವರ್ಷ ಹೊರಟವನನ್ನು ಬರಿಗೈಯಲ್ಲಿ ಕಳಿಸದೆ ಹಿಂಡಿನಿಂದ, ಕಣದಿಂದ, ದ್ರಾಕ್ಷಿ ಆಲೆಯಿಂದ ಧಾರಾಳವಾಗಿ ಕೊಡಬೇಕು. ಎರಡಕ್ಕೂ ಕೊಡುವ ಕಾರಣ ಒಂದೇ: ನೀನೂ ಈಜಿಪ್ಟಿನಲ್ಲಿ ಆಳಾಗಿದ್ದವನು.