ಪದ ಪರಿಚಯ: ಸಾಲ್ವರ್

ನೀರು, ಗಾಳಿ ಹೇಗೆ ಹರಿಯುತ್ತವೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ಸಿಎಫ್‌ಡಿ (ಕಂಪ್ಯುಟೇಷನಲ್ ಫ್ಲೂಯಿಡ್ ಡೈನಾಮಿಕ್ಸ್). ಹರಿಯುವ ಜಾಗವನ್ನು ಪುಟ್ಟ ಪುಟ್ಟ ಸೆಲ್‌ಗಳಾಗಿ ಕತ್ತರಿಸಿ, ಒಂದೊಂದರಲ್ಲೂ ವೇಗ ಎಷ್ಟು, ಒತ್ತಡ ಎಷ್ಟು ಅಂತ ಕಂಡುಹಿಡಿಯಬೇಕು. ಯಾವ ಸಮೀಕರಣ ಬಿಡಿಸಬೇಕು, ಯಾವುದು ಮೊದಲು, ಯಾವುದು ಆಮೇಲೆ ಅಂತ ತೀರ್ಮಾನಿಸುವ ಪ್ರೋಗ್ರಾಮಿಗೆ ಸಾಲ್ವರ್ ಅನ್ನುತ್ತಾರೆ. ಮೆಶ್, ಅಂದರೆ ಆ ಸೆಲ್‌ಗಳ ಬಲೆ, ಮಾಡುವುದು, ಬಣ್ಣಬಣ್ಣದ ಚಿತ್ರ ತೋರಿಸುವುದು ಅದರ ಕೆಲಸ ಅಲ್ಲ.

ಇಲ್ಲೊಂದು ಗೊಂದಲ ಇದೆ. ಸೆಲ್‌ಗಳಿಂದ ಹುಟ್ಟುವ ದೊಡ್ಡ ಮ್ಯಾಟ್ರಿಕ್ಸ್ ಬಿಡಿಸುವ ವಿಧಾನಕ್ಕೂ ಸಾಲ್ವರ್ ಅಂತಲೇ ಹೆಸರು. ಅದು ರೆಡಿ ಸಿಗುತ್ತದೆ. ‘ಸ್ವಂತ ಸಾಲ್ವರ್ ಬರೆದೆ’ ಅಂತ ಯಾರಾದರೂ ಹೇಳಿದರೆ ಸಾಮಾನ್ಯವಾಗಿ ಮೊದಲನೆಯದು.

ಬರೆಯುವುದು ಅಂದರೂ ಸೊನ್ನೆಯಿಂದ ಅಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹುಟ್ಟಿ, 2004ರಲ್ಲಿ ಎಲ್ಲರಿಗೂ ಮುಕ್ತವಾದ ಸಿಎಫ್‌ಡಿ ಸಾಫ್ಟ್‌ವೇರ್ ಓಪನ್‌ಫೋಮ್‌ನಲ್ಲಿ ಐಕೋಫೋಮ್ ಅನ್ನೋ ಪುಟ್ಟ ಸಾಲ್ವರ್ ಇದೆ. ಮುಖ್ಯ ಫೈಲು ನೂರು ಚಿಲ್ಲರೆ ಸಾಲು, ಅಷ್ಟೇ. ಅದನ್ನು ಕಾಪಿ ಮಾಡಿ ಹೆಸರು ಬದಲಿಸಿ. ಪ್ರೋಗ್ರಾಮನ್ನು ಯಾವ ಹೆಸರಲ್ಲಿ, ಎಲ್ಲಿ ಕಟ್ಟಬೇಕು ಅಂತ ಹೇಳುವ ‘ಮೇಕ್’ ಫೋಲ್ಡರಿನಲ್ಲೂ ಆ ಹೆಸರು, ಜಾಗ ಎರಡನ್ನೂ ಬದಲಿಸಲೇಬೇಕು. ಮರೆತರೆ ಮೂಲ ಐಕೋಫೋಮ್ ಮೇಲೇ ನಿಮ್ಮದು ಕೂರಬಹುದು. ನನಗೆ ಆಗಿದೆ, ಕೇಳಬೇಡಿ.

ಈಗ ಅದಕ್ಕೆ ಉಷ್ಣತೆ ಸೇರಿಸೋಣ. ಬೇಕಾದದ್ದು ಒಂದೇ ಸಮೀಕರಣ, ಮೂರು ಪದ: ಕಾಲದ ಜೊತೆ ಬದಲಾಗುವುದಕ್ಕೆ ‘ಡಿಡಿಟಿ’, ಹರಿವು ಹೊತ್ತೊಯ್ಯುವುದಕ್ಕೆ ‘ಡಿವ್’, ತಾನಾಗಿ ಹರಡುವುದಕ್ಕೆ ‘ಲ್ಯಾಪ್ಲಾಸಿಯನ್’. ಕಾಗದದ ಮೇಲೆ ಬರೆಯುವ ಹಾಗೇ ಕೋಡ್‌ನಲ್ಲೂ ಬರೆಯಬಹುದು, ಇದೇ ಓಪನ್‌ಫೋಮ್‌ನ ಸೊಗಸು. ವೇಗ, ಒತ್ತಡದ ಲೆಕ್ಕ ಮುಗಿದ ಮೇಲೆ ಇದನ್ನಿಡಿ. ಇಲ್ಲಿ ಉಷ್ಣತೆ ಹರಿವನ್ನು ಬದಲಿಸುವುದಿಲ್ಲ, ಸುಮ್ನೆ ಅದರ ಜೊತೆ ಸಾಗುತ್ತದೆ ಅಲ್ವಾ?

ಹರಡುವ ಗುಣಾಂಕ ಕೊಡುವಾಗ [0 2 -1 0 0 0 0] ಅಂತ ಮಾನವನ್ನೂ ಬರೆಯಬೇಕು. ಎರಡನೆಯ ಅಂಕಿ ಮೀಟರಿನ ಘಾತ, ಮೂರನೆಯದು ಸೆಕೆಂಡಿನದು, ಅಂದರೆ ಸೆಕೆಂಡಿಗೆ ಇಷ್ಟು ಚದರ ಮೀಟರ್. ತಪ್ಪಿದರೆ ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತದೆ. ಬೈದಂತೆ ಅನಿಸಿದರೂ ಒಳ್ಳೆಯದಕ್ಕೇ.

ಪರೀಕ್ಷೆಗೆ ‘ಕ್ಯಾವಿಟಿ’ ಉದಾಹರಣೆ ಸಾಕು: 0.1 ಮೀಟರಿನ ಚೌಕ ಡಬ್ಬಿ, 400 ಸೆಲ್, ಮುಚ್ಚಳ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಜಾರುತ್ತದೆ. ಮುಚ್ಚಳಕ್ಕೆ 310 ಕೆಲ್ವಿನ್, ಉಳಿದ ಕಡೆ 300 ಕೊಡಿ. ಉತ್ತರ ಈ ಎರಡರ ನಡುವೆಯೇ ಇರಬೇಕು. ಗುಣಾಂಕ ತೀರಾ ಚಿಕ್ಕದಿದ್ದರೆ ಕೆಲವು ಸೆಲ್ ಈ ಮಿತಿ ದಾಟಬಹುದು. ಆಗ ನಿಮ್ಮ ಕೋಡನ್ನು ಬೈಯಬೇಡಿ. ‘ಡಿವ್’ಗೆ ಕೊಟ್ಟ ಸ್ಕೀಮ್ (ಸೆಲ್‌ಗಳ ನಡುವಿನ ಬೆಲೆ ಅಂದಾಜಿಸುವ ರೀತಿ) ಎರಡೂ ಸೆಲ್ ನೋಡುವ ‘ಲೀನಿಯರ್’ ಇದ್ದರೆ, ಹರಿವು ಬರುವ ಕಡೆಯ ಸೆಲ್ ಮಾತ್ರ ನೋಡುವ ‘ಅಪ್‌ವಿಂಡ್’ ಮಾಡಿ ನೋಡಿ. ಅಂಕಿ ಸರಿಹೋಗುತ್ತದೆ, ಚಿತ್ರ ಮಾತ್ರ ಸ್ವಲ್ಪ ಮಸುಕು.