ರೆಕ್ಕೆಯಿಲ್ಲದ ಶಿಲೀಂಧ್ರ ದ್ವೀಪ ಸೇರಿದ್ದು ಹೇಗೆ?

ಕಡಲ ದಂಡೆಯಲ್ಲಿ ಗಾಳಿಗೆ ಬುಡ ಬಯಲಾದ ರಾವಣನ ಮೀಸೆ ಹುಲ್ಲನ್ನು ಒಮ್ಮೆ ಹತ್ತಿರದಿಂದ ನೋಡಿ. ಬೇರಿಗೆ ಮರಳು ಮೆತ್ತಿಕೊಂಡಿರುತ್ತದೆ. ಕೊಡವಿದರೂ ಪೂರ್ತಿ ಉದುರುವುದಿಲ್ಲ. ಹಾಗೆ ಹಿಡಿದಿಡುವುದರಲ್ಲಿ ಗಿಡದ ಬೇರಿನ ಜೊತೆ ಬಾಳುವ ಮೈಕೊರೈಜಾ ಶಿಲೀಂಧ್ರಗಳ ಸಣ್ಣ ಎಳೆಗಳಿಗೂ ಪಾಲಿದೆ. ಎಳೆಯ ಒಂದು ತುದಿ ಬೇರಿನ ಜೀವಕೋಶದೊಳಗೆ ಪುಟ್ಟ ಮರದಂತೆ ಕವಲೊಡೆಯುತ್ತದೆ, ಇನ್ನೊಂದು ತುದಿ ಮರಳಲ್ಲಿ ರಂಜಕ (ಫಾಸ್ಫರಸ್) ಹುಡುಕುತ್ತದೆ. ತಂದುಕೊಟ್ಟ ರಂಜಕಕ್ಕೆ ಬದಲಾಗಿ ಗಿಡ ಸಕ್ಕರೆ, ಕೊಬ್ಬು ಕೊಡುತ್ತದೆ. ಈ ಒಡನಾಟಕ್ಕೆ 40 ಕೋಟಿ ವರ್ಷ ದಾಟಿದೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿನ ಕಲ್ಲುಗಳಲ್ಲಿ ಅದರ ಪಳೆಯುಳಿಕೆ ಸಿಕ್ಕಿದೆ.

ನಮ್ಮ ಪಶ್ಚಿಮ ಕರಾವಳಿಯ ಮರಳುದಿಬ್ಬಗಳಲ್ಲಿ ಈ ಶಿಲೀಂಧ್ರಗಳನ್ನು ಹುಡುಕಿದವರು ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಶ್ರೀಧರ್ ಮತ್ತು ಸಂಗಡಿಗರು. ಹುಡುಕುವ ಕ್ರಮ ಸರಳ. ಮರಳನ್ನು ನೀರಲ್ಲಿ ಕಲಕಿ, ಸಣ್ಣ ಕಣ್ಣಿನ ಜರಡಿಗಳಲ್ಲಿ ಸೋಸಬೇಕು. ಸೂಕ್ಷ್ಮದರ್ಶಕದಡಿ ಹಳದಿ, ಕಂದು, ಬಿಳಿ ಬಣ್ಣದ ಗುಂಡು ಬೀಜಕಗಳು, ಅಂದರೆ ಶಿಲೀಂಧ್ರದ ಬೀಜದಂಥ ಕಣಗಳು, ಕಾಣುತ್ತವೆ. ಎಷ್ಟು ಚೆಂದ ಅಂತೀರಿ!

ಆದರೆ ತೊಡಕು ಇರುವುದೂ ಇಲ್ಲೇ. ಅಣಬೆಯ ಬೀಜಕ ಗಾಳಿಯಲ್ಲಿ ಸುಲಭವಾಗಿ ತೇಲುತ್ತದೆ. ಇವು ಅದಕ್ಕಿಂತ ಎಷ್ಟೋ ದಪ್ಪ, ಹುಟ್ಟುವುದೂ ಹೆಚ್ಚಾಗಿ ಮಣ್ಣಿನೊಳಗೆ. ಹಾಗಿದ್ದರೆ ಹತ್ತಿರದ ಖಂಡದಿಂದ 3,500 ಕಿ.ಮೀ.ಗಿಂತ ಜಾಸ್ತಿ ದೂರ ಇರುವ ಹವಾಯಿಗೆ ತಲುಪಿದ್ದು ಹೇಗೆ?

1990ರಲ್ಲಿ ಕೋಸ್ಕಿ ಮತ್ತು ಜೆಮ್ಮಾ ಎಂಬ ವಿಜ್ಞಾನಿಗಳು ಹವಾಯಿಯ ಕಡಲತಡಿಯ ಗಿಡಗಳನ್ನು ಪರೀಕ್ಷಿಸಿ ಒಂದು ಉತ್ತರ ಕೊಟ್ಟರು. ಅಲೆಗೆ ಕಿತ್ತುಹೋದ ಗಿಡದ ತುಂಡು ತೇಲುತ್ತಾ ಹೋಗುವಾಗ ಶಿಲೀಂಧ್ರವೂ ಅದರಲ್ಲೇ ಕೂತು ಬಂದಿರಬಹುದು. ನನಗೆ ಇದು ಬಹಳ ಹಿಡಿಸಿದ ವಿಚಾರ. ಗಿಡ ದಡ ಸೇರುವಾಗ ಜೊತೆಗಾರನೂ ಸಿದ್ಧವಾಗಿರುತ್ತಾನೆ ಅಲ್ವಾ? ದಂಡೆಯ ಗಿಡಗಳಿಗೆ ಇರುವ ಈ ಅನುಕೂಲ ಒಳನಾಡಿನ ಗಿಡಗಳಿಗೆ ಸಿಗುವುದು ಕಷ್ಟ.

ದೂರದ ದ್ವೀಪಗಳಲ್ಲಿ ಹಕ್ಕಿಗಳ, ಪ್ರಾಣಿಗಳ ಬಗೆಗಳು ಸಾಮಾನ್ಯವಾಗಿ ಕಡಿಮೆ. ಈ ಶಿಲೀಂಧ್ರಗಳೂ ಹಾಗೇ ಇರಬೇಕು ಎಂದು ಯಾರಾದರೂ ಊಹಿಸಿಯಾರು. 2018ರಲ್ಲಿ ಹಲವು ದ್ವೀಪಗಳ ಬೇರುಗಳ ಡಿಎನ್‌ಎ ನೋಡಿದಾಗ ಆ ಊಹೆ ಸುಳ್ಳಾಯಿತು. ದೂರ ಹೆಚ್ಚಾದರೂ ಬಗೆಗಳ ಸಂಖ್ಯೆ ಕುಗ್ಗಿರಲಿಲ್ಲ. ಆದರೆ ಅಲ್ಲಿದ್ದವು ಬಹುಪಾಲು ಎಲ್ಲ ಕಡೆ ಸಿಗುವ, ಎಂಥ ಮಣ್ಣಿಗೂ ಹೊಂದಿಕೊಳ್ಳುವ ಬಗೆಗಳು.

ಮರುವರ್ಷ ಇನ್ನೊಂದು ತಂಡ ಗಿಡಗಳ ಕಡೆಯಿಂದ ಲೆಕ್ಕ ಹಾಕಿತು. ಮೈಕೊರೈಜಾ ನಂಬಿದ ಗಿಡಗಳ ಪಾಲು ಸಾಗರದ ದ್ವೀಪಗಳಲ್ಲಿ ಮುಖ್ಯಭೂಮಿಗಿಂತ ಕಡಿಮೆ! ನನಗನಿಸುವಂತೆ ಇವೆರಡಕ್ಕೂ ವಿರೋಧವಿಲ್ಲ. ಶಿಲೀಂಧ್ರ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಆದರೆ ಬೀಜ ಮೊಳೆತ ಹೊತ್ತಿಗೆ, ಮೊಳೆತ ಜಾಗದಲ್ಲೇ ಅದು ಇರಬೇಕಲ್ಲ.

ಜೊತೆಗಾರ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಪೋರ್ಟೊ ರಿಕೊ ದ್ವೀಪದಲ್ಲಿ ಕಣ್ಣಿಗೇ ಕಂಡಿತು. ಪೈನ್ ಮರಕ್ಕೆ ಬೇಕಾದ ಶಿಲೀಂಧ್ರವೇ ಬೇರೆ ಜಾತಿಯದು, ಅದು ಆ ದ್ವೀಪದಲ್ಲಿ ಇರಲಿಲ್ಲ. ಎಷ್ಟು ಸಲ ನೆಟ್ಟರೂ ಸಸಿಗಳು ಹಳದಿಯಾಗಿ ಸಾಯುತ್ತಿದ್ದವು. 1955ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಪೈನ್ ತೋಪಿನಿಂದ ಮಣ್ಣು ತಂದು ಬುಡಕ್ಕೆ ಹಾಕಿದರು. ಆ ಸಸಿಗಳು ಚಿಗುರಿ ಎದ್ದವು.